ಸಂಡೆ ಸ್ಕೂಲ್ ಅಕ್ಕನಿಗೂ ಪೊಲೀಸ್ ಚೆಕ್ಕಾ?

ತಂಗಿ, ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರು ಬಿಟ್ಟು ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಇನ್ನೂ ಸರಿಯಾಗಿ ಪೆಟ್ಟಿಗೆ ಬಿಚ್ಚಿಲ್ಲ ಅಂತ ಬರೆದಿದ್ದೀರಿ. ಮನೆ, ಶಾಲೆ, ಚಳಿ ಎಲ್ಲ ಕೇಳಿ ಕೊನೆಗೆ ಒಂದು ವಿಷಯ ಸೇರಿಸಿದ್ದೀರಿ. ಊರಲ್ಲಿ ಎಷ್ಟೋ ವರ್ಷ ಸಂಡೆ ಸ್ಕೂಲ್ ನಡೆಸಿದವರು ನೀವು, ಇಲ್ಲಿಯ ಚರ್ಚಿನಲ್ಲಿ ಮಕ್ಕಳ ಕ್ಲಾಸಿಗೆ ಸಹಾಯ ಮಾಡುತ್ತೇನೆ ಅಂದಿದ್ದಕ್ಕೆ ಒಂದು ಫಾರಂ ಕೈಗಿಟ್ಟು ‘ನಿಮ್ಮ ಮೇಲೆ ಕೇಸ್ ಇದೆಯಾ’ ಅಂತ ಕೇಳಿದ್ದಾರೆ. ಯಜಮಾನರು ‘ಇದು ಅವಮಾನ, ಬೇರೆ ಚರ್ಚ್ ನೋಡೋಣ’ ಅನ್ನುತ್ತಿದ್ದಾರೆ. ಏನು ಮಾಡಲಿ ಅಂತ ನಿಮ್ಮ ಪ್ರಶ್ನೆ.

ಮೊದಲು ಸಣ್ಣಪುಟ್ಟದ್ದು ಮುಗಿಸಿಬಿಡುತ್ತೇನೆ. ಮನೆ ಶಾಲೆಗೆ ಹತ್ತಿರ ಇರಲಿ, ಆಫೀಸಿಗಲ್ಲ. ಸೀಟಿಗಾಗಿ ಯಾರನ್ನೂ ಹಿಡಿಯಬೇಕಿಲ್ಲ, ಕೌನ್ಸಿಲ್‌ಗೆ ಅರ್ಜಿ ಹಾಕಿದರೆ ಸಾಕು. ಜಾಕೆಟ್ ಇಲ್ಲೇ ಕೊಳ್ಳಿ, ಕಮರ್ಷಿಯಲ್ ಸ್ಟ್ರೀಟಿನದು ಇಲ್ಲಿಯ ಚಳಿಗೆ ಸಾಲುವುದಿಲ್ಲ. ಸೋನಾ ಮಸೂರಿ ಸಿಗುತ್ತದೆ. ಕಾಫಿಪುಡಿ ಮಾತ್ರ ಊರಿಂದ ಯಾರಾದರೂ ಬರುವಾಗ ತರಿಸಿಕೊಳ್ಳಿ.

ಈಗ ಫಾರಂ ವಿಷಯ. ಅದನ್ನು ನಿಮಗೊಬ್ಬರಿಗೇ ಕೊಟ್ಟಿದ್ದಲ್ಲ. ಇಲ್ಲೇ ಹುಟ್ಟಿ ಬೆಳೆದ ಅಜ್ಜಿಯಂದಿರೂ ತುಂಬಿದ್ದಾರೆ, ಇಲ್ಲಿಯ ಅಯ್ಯನವರೂ (ಪಾದ್ರಿಗಳೂ) ತುಂಬಿದ್ದಾರೆ. ಮಕ್ಕಳ ಜೊತೆ ಇರುವವರ ಪೊಲೀಸ್ ದಾಖಲೆ ನೋಡುವ ಸರ್ಕಾರಿ ತಪಾಸಣೆ ಇದು. ನಾನು ಬಂದಾಗ ಇದಕ್ಕೆ ಸಿಆರ್‌ಬಿ ಚೆಕ್ ಅನ್ನುತ್ತಿದ್ದರು, 2012ರಿಂದ ಡಿಬಿಎಸ್ ಆಗಿದೆ. ನನಗೂ ಆಗ ಉರಿದಿತ್ತು. ನಮ್ಮಪ್ಪ ಚರ್ಚಿನ ಸಭೆಯಲ್ಲಿ ಹಿರಿಯರು, ನಮ್ಮ ಮನೆತನ ಯಾರನ್ನು ಕೇಳಿದರೂ ಹೇಳುತ್ತಾರೆ, ನನ್ನ ಬಗ್ಗೆ ಪೊಲೀಸರನ್ನು ಕೇಳುತ್ತಾರಾ ಅಂತ ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಅತ್ತಿದ್ದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕೇಳಲಿ ಬಿಡು, ನಮ್ಮಲ್ಲೂ ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು’ ಅಂದರು. ಯಾಕೆ ಹಾಗಂದರು ಅಂತ ಮುಂದೆ ಹೇಳುತ್ತೇನೆ.

ಕೆಲಸದ ಮಾತು ಹೇಳಿಬಿಡುತ್ತೇನೆ. ಸ್ವಯಂಸೇವಕರಿಗೆ ಡಿಬಿಎಸ್ ಪುಕ್ಕಟೆ. ಪಾಸ್‌ಪೋರ್ಟ್ ಮತ್ತು ಹಿಂದಿನ ಐದು ವರ್ಷದ ವಿಳಾಸಗಳು ಬೇಕು, ಊರಿನ ವಿಳಾಸವೂ ಸೇರಿ, ಪಿನ್‌ಕೋಡ್ ಸಮೇತ ಬರೆದಿಟ್ಟುಕೊಳ್ಳಿ. ಸರ್ಟಿಫಿಕೇಟ್ ನಿಮ್ಮ ಮನೆಗೇ ಬರುತ್ತದೆ, ನೀವೇ ಒಯ್ದು ತೋರಿಸಬೇಕು. ಮಕ್ಕಳ ಜೊತೆ ಇರುವವರಿಗೆ ಎನ್‌ಹಾನ್ಸ್‌ಡ್ ಅನ್ನುವ ದರ್ಜೆಯದು ಮಾಡಿಸುತ್ತಾರೆ. ಅದರಲ್ಲಿ ಶಿಕ್ಷೆಯಾದ ಕೇಸ್ ಮಾತ್ರ ಅಲ್ಲ, ಪೊಲೀಸರ ಹತ್ತಿರ ಇರುವ ಬೇರೆ ಮಾಹಿತಿಯೂ ಮುಖ್ಯ ಅನಿಸಿದರೆ ಬರುತ್ತದೆ. ಇದಕ್ಕೆ ಹಿಂದೆ ಒಂದು ಕಥೆ ಇದೆ. 2002ರಲ್ಲಿ ಸೋಹಮ್ ಅನ್ನುವ ಊರಲ್ಲಿ ಹತ್ತು ವರ್ಷದ ಇಬ್ಬರು ಹುಡುಗಿಯರನ್ನು ಶಾಲೆಯೊಂದರ ಕೇರ್‌ಟೇಕರ್ ಕೊಂದ. ಬೇರೆ ಜಿಲ್ಲೆಯಲ್ಲಿ ಅವನ ಮೇಲೆ ಮೊದಲೇ ದೂರುಗಳಿದ್ದವು, ಅವು ಶಾಲೆಯವರೆಗೆ ಬರಲೇ ಇಲ್ಲ.

ಇನ್ನೊಂದು, ಡಿಬಿಎಸ್‌ಗೆ ನಮ್ಮ ಊರಿನ ಪೊಲೀಸ್ ದಾಖಲೆ ಕಾಣುವುದಿಲ್ಲ. ಅದಕ್ಕೇ ಪಿಸಿಸಿ, ಅಂದರೆ ಪೊಲೀಸ್ ಕ್ಲಿಯರೆನ್ಸ್ ಕೇಳಬಹುದು. ಇನ್ನೂ ಬೆಂಗಳೂರಲ್ಲೇ ಇದ್ದು ಇದನ್ನು ಓದುತ್ತಿರುವವರು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮಾಡಿಸಿಕೊಂಡೇ ವಿಮಾನ ಹತ್ತಿ. ಇಲ್ಲಿಂದಾದರೆ ಹೈಕಮಿಷನ್ ಮೂಲಕ ಓಡಾಟ ಜಾಸ್ತಿ.

ಇನ್ನು ನಿಮ್ಮ ಯಜಮಾನರ ಮಾತು. ನಮ್ಮಲ್ಲಿ ಚೆಕ್ ಇರಲಿಲ್ಲ ಅಂತಲ್ಲ. ‘ಯಾರ ಮಗ?’ ಅನ್ನುವುದೇ ನಮ್ಮ ಚೆಕ್. ಏಪ್ರಿಲ್ ಬಿಸಿಲಲ್ಲಿ ವಿಬಿಎಸ್, ಅಂದರೆ ಮಕ್ಕಳ ರಜಾ ಬೈಬಲ್ ಶಾಲೆ, ಶುರುವಾದರೆ ಹೆಸರು ಕೊಟ್ಟವರೆಲ್ಲ ಟೀಚರ್, ಕ್ರಿಸ್ಮಸ್‌ಗೆ ಕ್ಯಾರಲ್ ರೌಂಡ್ಸ್ ಹೊರಟರೆ ವ್ಯಾನಿನಲ್ಲಿ ಮಕ್ಕಳು ಯಾರ ತೊಡೆಯ ಮೇಲೆ ಕೂತಿದ್ದಾರೆ ಅಂತ ಯಾರು ನೋಡುತ್ತಿದ್ದರು?

ನಾನು ಬೆಳೆದ ಸಭೆಯಲ್ಲಿ (ಹೆಸರು ಬೇಡ) ಒಬ್ಬ ಅಂಕಲ್ ಇದ್ದರು. ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತಿದ್ದರು, ದೊಡ್ಡವರಿಗೆಲ್ಲ ಬಹಳ ಬೇಕಾದವರು. ಅಮ್ಮಂದಿರಿಗೆ ಮಾತ್ರ ಏನೋ ಗೊತ್ತಿತ್ತು. ‘ಆ ಅಂಕಲ್ ಸ್ಕೂಟರ್ ಹತ್ತಬೇಡ’ ಅಂತ ನಮಗೆ ಮನೆಯಲ್ಲಿ ಹೇಳಿದ್ದರು. ಆ ಮಾತು ಒಂದು ಅಡುಗೆಮನೆಯಿಂದ ಇನ್ನೊಂದು ಅಡುಗೆಮನೆಗೆ ಹೋಗುತ್ತಿತ್ತು, ಗುರುತಿದ್ದವರ ಮನೆಗಳಿಗೆ ಮಾತ್ರ. ಆ ವರ್ಷ ಕೋಲಾರದ ಕಡೆಯಿಂದ ವರ್ಗವಾಗಿ ಬಂದ ಒಂದು ಕುಟುಂಬಕ್ಕೆ ಸಭೆಯಲ್ಲಿ ಯಾರೂ ಗೊತ್ತಿರಲಿಲ್ಲ. ಅವರಿಗೆ ಯಾರೂ ಹೇಳಲಿಲ್ಲ. ಅವರ ಹುಡುಗ ಗಿಟಾರ್ ಕಲಿಯಲು ಹೋದ, ಕೆಲವು ತಿಂಗಳಲ್ಲಿ ಚರ್ಚಿಗೆ ಬರುವುದನ್ನೇ ಬಿಟ್ಟ. ಆಮೇಲೆ ವಿಷಯ ಹೊರಬಂತು, ಹಿರಿಯರು ಕೂತು ಮಾತಾಡಿದರು, ಠಾಣೆಗೆ ಯಾರೂ ಹೋಗಲಿಲ್ಲ. ಸಭೆಯ ಹೆಸರು ಹಾಳಾಗುತ್ತದಲ್ಲ. ಅಂಕಲ್ ಬೇರೆ ಸಭೆಗೆ ಹೋದರು, ನಾವು ಶಾಲು ಹೊದಿಸಿ ಬೀಳ್ಕೊಟ್ಟೆವು. ಹೋದ ಸಲ ಊರಿಗೆ ಹೋದಾಗ ಅಮ್ಮನ ಹತ್ತಿರ ಇದರ ಮಾತು ತೆಗೆದೆ. ಶಾಲಿನ ಬಣ್ಣ ಇಬ್ಬರಿಗೂ ನೆನಪಿತ್ತು. ಆ ಹುಡುಗನ ಹೆಸರು ಇಬ್ಬರಿಗೂ ನೆನಪಾಗಲಿಲ್ಲ.

ಈಗ ಹೇಳಿ, ಈ ದೇಶದಲ್ಲಿ ಆ ಕೋಲಾರದ ಕುಟುಂಬ ಯಾರು? ನೀವೇ ಅಲ್ವಾ? ಯಾವ ಅಡುಗೆಮನೆಯ ಮಾತೂ ನಿಮ್ಮ ಕಿವಿಗೆ ಬೀಳುವುದಿಲ್ಲ. ಆ ಫಾರಂ ನಿಮ್ಮ ಮೇಲಿನ ಅನುಮಾನಕ್ಕಿಂತ ಜಾಸ್ತಿ ನಿಮ್ಮ ಮಗಳಿಗಾಗಿ ಇದೆ ಅಂತ ಯಜಮಾನರಿಗೆ ಹೇಳಿ.

ಹಾಗಂತ ಇಂಗ್ಲಿಷಿನವರು ಹುಟ್ಟಾ ಜಾಣರು ಅಂತ ತಿಳಿಯಬೇಡಿ. ಜಾನ್ ಸ್ಮೈತ್ ಅಂತ ಒಬ್ಬ ದೊಡ್ಡ ಬ್ಯಾರಿಸ್ಟರ್, 1970-80ರ ದಶಕದಲ್ಲಿ ಕ್ರೈಸ್ತ ಹುಡುಗರ ರಜಾ ಶಿಬಿರಗಳಲ್ಲಿ ಮುಂದಾಳು. ಹುಡುಗರನ್ನು ಕ್ರೂರವಾಗಿ ಹೊಡೆಯುತ್ತಿದ್ದ. 1982ರಲ್ಲೇ ಒಳಗೊಳಗೆ ಒಂದು ವರದಿ ಬರೆದಿದ್ದರು, ಪೊಲೀಸರಿಗೆ ಕೊಡಲಿಲ್ಲ. ಅವನು 1984ರಲ್ಲಿ ಜಿಂಬಾಬ್ವೆಗೆ ಹೋಗಿ ಅಲ್ಲೂ ಶಿಬಿರ ನಡೆಸಿದ. ಅಲ್ಲಿಯ ಅಪ್ಪ ಅಮ್ಮಂದಿರಿಗೆ ಏನು ಗೊತ್ತಿರುತ್ತದೆ? 2018ರಲ್ಲಿ ಸಾಯುವವರೆಗೂ ಅವನಿಗೆ ಶಿಕ್ಷೆ ಆಗಲಿಲ್ಲ. 2024ರ ನವೆಂಬರ್‌ನಲ್ಲಿ ಇದರ ತನಿಖಾ ವರದಿ ಬಂದು, ಇಲ್ಲಿಯ ಚರ್ಚ್ ಆಫ್ ಇಂಗ್ಲೆಂಡಿನ ಅತಿ ಹಿರಿಯ ಬಿಷಪ್ ಆಗಿದ್ದ ಕ್ಯಾಂಟರ್‌ಬರಿ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಕೊಡಬೇಕಾಯಿತು. ಅದೇ ಶಾಲು, ಅದೇ ಬೀಳ್ಕೊಡುಗೆ.

ಅಂಥವನಿಗೆ ಬರೀ ಶಿಕ್ಷೆಯ ಪಟ್ಟಿ ನೋಡಿದರೆ ಕಾಗದ ಖಾಲಿ ಬರುತ್ತಿತ್ತು. ಅದಕ್ಕೇ ಕಾಗದದ ಜೊತೆ ಇಲ್ಲಿ ಕೆಲವು ರೂಢಿಗಳಿವೆ. ಮಕ್ಕಳ ಜೊತೆ ದೊಡ್ಡವರು ಒಬ್ಬರೇ ಇರುವುದಿಲ್ಲ, ಇಬ್ಬರಾದರೂ ಇರಬೇಕು. ಬೇರೆಯವರ ಮಗುವನ್ನು ಒಬ್ಬರೇ ಕಾರಲ್ಲಿ ಕರೆದೊಯ್ಯುವಂತಿಲ್ಲ, ಮಗುವಿಗೆ ನೇರವಾಗಿ ಮೆಸೇಜ್ ಮಾಡುವಂತಿಲ್ಲ, ಅಪ್ಪ ಅಮ್ಮನನ್ನು ಕೇಳದೆ ಫೋಟೋ ಇಲ್ಲ. ನಮಗೆ ಕಷ್ಟ ಆಗುವುದು ಇದೇ. ಮಗು ಕಂಡರೆ ಎತ್ತಿ ಕೆನ್ನೆ ಹಿಂಡುವ ಜನ ನಾವು. ಈಗಲೂ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ.

ನನಗೆ ನಿಜವಾದ ಚಿಂತೆ ಇಂಗ್ಲಿಷ್ ಚರ್ಚಿನದ್ದಲ್ಲ, ನಮ್ಮ ಕನ್ನಡ ಮನೆಪ್ರಾರ್ಥನೆಗಳದ್ದು. ದೊಡ್ಡವರು ಕೆಳಗೆ ಹಾಡುತ್ತಿರುತ್ತಾರೆ, ಮಕ್ಕಳನ್ನು ಮಹಡಿಗೆ ಕಳಿಸಿ ಯಾರೋ ಒಬ್ಬ ಸ್ಟೂಡೆಂಟ್ ಹುಡುಗನನ್ನು ನೋಡಿಕೋ ಅನ್ನುತ್ತಾರೆ. ನಮ್ಮ ಗುಂಪಿನಲ್ಲಿ ನಾನು ಇಬ್ಬರಿರಲಿ, ಬಾಗಿಲು ತೆರೆದಿರಲಿ ಅಂದಾಗ ಒಬ್ಬ ಹಿರಿಯರು ‘ನಮ್ಮವರನ್ನೇ ಅನುಮಾನಿಸುತ್ತೀರಾ’ ಅಂತ ಊಟ ಮಾಡದೆ ಎದ್ದು ಹೋದರು. ಹೋಗಲಿ. ಬಾಗಿಲು ಈಗ ತೆರೆದೇ ಇರುತ್ತದೆ.

ಊರಲ್ಲೂ ಕಾನೂನು ಇಲ್ಲ ಅಂತಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಿದ್ದೂ ದೂರು ಕೊಡದೆ ಸುಮ್ಮನಿರುವುದೇ ಅಪರಾಧ. 2020ರ ನಿಯಮದಲ್ಲಿ ಮಕ್ಕಳ ಸಂಸ್ಥೆಗಳ ಸಿಬ್ಬಂದಿಗೆ ಪೊಲೀಸ್ ವೆರಿಫಿಕೇಶನ್ ಕೂಡ ಇದೆ. ಆದರೆ ಸಂಡೆ ಸ್ಕೂಲ್ ಅಕ್ಕನನ್ನು ಸಿಬ್ಬಂದಿ ಅಂತ ಯಾರು ಅಂದುಕೊಳ್ಳುತ್ತಾರೆ? ನಿಮ್ಮ ಹಳೇ ಸಭೆಯವರಿಗೆ ಈ ಮಾತು ಕಳಿಸಿ, ಮಕ್ಕಳ ಸಹಾಯವಾಣಿ 1098 ನಂಬರನ್ನೂ ಗೋಡೆಗೆ ಹಾಕಲು ಹೇಳಿ.

ಕೊನೆಗೆ, ನಿಮ್ಮನ್ನು ಬಲ್ಲವರು ನಿಮ್ಮ ಬಗ್ಗೆ ಬರೆದುಕೊಡುವ ರೆಫರೆನ್ಸ್ ಪತ್ರ. ಸಂಬಂಧಿಕರದ್ದು ನಡೆಯುವುದಿಲ್ಲ. ಬೆಂಗಳೂರಿನ ಅಯ್ಯನವರನ್ನು ಕೇಳುತ್ತೀರಾದರೆ ಮೊದಲೇ ಫೋನ್ ಮಾಡಿ ತಿಳಿಸಿ, ಇಲ್ಲದಿದ್ದರೆ ‘ಈಕೆ ದೇವಭಯವುಳ್ಳ ಸಹೋದರಿ’ ಅಂತ ಒಂದೇ ಸಾಲು ಬರೆದು ಸೀಲ್ ಒತ್ತಿ ಕಳಿಸುತ್ತಾರೆ. ಯಾವ ವರ್ಷದಿಂದ ಯಾವ ಕ್ಲಾಸ್ ತೆಗೆದುಕೊಂಡಿರಿ, ಮಕ್ಕಳ ಜೊತೆ ಹೇಗಿದ್ದಿರಿ, ಯಾವತ್ತಾದರೂ ದೂರು ಬಂದಿತ್ತಾ, ಇದನ್ನು ಬರೆಯಬೇಕು. ಮತ್ತೆ ಬೆಂಗಳೂರಿನ ಚರ್ಚಿನ ಆಫೀಸಿನವರಿಗೆ ಸ್ಪ್ಯಾಮ್ ಫೋಲ್ಡರ್ ನೋಡಲು ಹೇಳಿ, ಇಲ್ಲಿಂದ ಹೋದ ಮೇಲ್ ಬಹಳ ಸಲ ಅಲ್ಲೇ ಬಿದ್ದಿರುತ್ತದೆ.