ಮಕ್ಕಳಿಗೆ ಎಷ್ಟು ವರ್ಷ ಆದ ಮೇಲೆ ಮೊಬೈಲ್ ಕೊಡಿಸಬಹುದು?

ವಯಸ್ಸೊಂದನ್ನೇ ನೋಡಬೇಡಿ. ಮಗು ಒಂಟಿಯಾಗಿ ಓಡಾಡಲು ಶುರು ಮಾಡಿದಾಗ ಕೀಪ್ಯಾಡ್ ಫೋನ್ ಕೊಡಿ. ಸ್ಮಾರ್ಟ್‌ಫೋನ್ 14 ದಾಟಿದ ಮೇಲೆ ಸಾಕು, ಅದೂ "ಇನ್ನು ಇಡು" ಅಂದಾಗ ಕೆಳಗಿಡುವ ಅಭ್ಯಾಸವಿದ್ದರೆ ಮಾತ್ರ.

ಕಾರಣ ಮೆದುಳಿನಲ್ಲಿದೆ. ಮಜಾ ಬೇಕು, ಹೊಸದು ಬೇಕು ಅನ್ನುವ ಭಾಗ ಹದಿಹರೆಯದ ಶುರುವಿನಲ್ಲೇ ಚುರುಕಾಗುತ್ತದೆ. ಆಸೆಯನ್ನು ತಡೆಯುವ ಭಾಗ, ಅಂದರೆ ಹಣೆಯ ಹಿಂದಿನ ಮೆದುಳು, ಪೂರ್ತಿ ಬೆಳೆಯುವುದು ಸುಮಾರು 25ರ ಹೊತ್ತಿಗೆ. ರೀಲ್ಸ್‌ಗೋ ಕೊನೆಯೇ ಇಲ್ಲ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಸಿದ್ಧ. ಅಲ್ಲಿ ನಿಲ್ಲಿಸುವುದು ದೊಡ್ಡವರಿಗೇ ಕಷ್ಟ, ಅಲ್ವಾ? ಇನ್‌ಸ್ಟಾಗ್ರಾಮ್ ಖಾತೆಗೂ ಕನಿಷ್ಠ 13 ವರ್ಷ ಆಗಿರಬೇಕು.

ನಮ್ಮ ಮುಂಬೈಯಲ್ಲಿ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದರೆ, ಡೊಂಬಿವಲಿಯ ಮಗು ಠಾಣೆಯ ಕ್ಲಾಸಿಗೆ ಒಬ್ಬಂಟಿಯಾಗಿ ಲೋಕಲ್ ಹಿಡಿಯಬೇಕಾಗುತ್ತದೆ. ಮಳೆಗೆ ಗಾಡಿ ನಿಂತಾಗ "ಅಮ್ಮಾ, ಮುಂಬ್ರಾದಲ್ಲೇ ಇದೀನಿ, ಲೇಟಾಗುತ್ತೆ" ಅನ್ನಲು ಬೇಕಾದದ್ದು ಒಂದು ಕಾಲ್ ಅಷ್ಟೇ. ಕೀಪ್ಯಾಡ್ ಫೋನಿನಲ್ಲಿ ಚಾರ್ಜೂ ಜಾಸ್ತಿ ಹೊತ್ತು ನಿಲ್ಲುತ್ತದೆ.

ಸ್ಮಾರ್ಟ್‌ಫೋನ್ ಕೊಟ್ಟ ಮೇಲೆ ರಾತ್ರಿ ಅದನ್ನು ಅಡುಗೆಮನೆಯಲ್ಲೇ ಚಾರ್ಜಿಗಿಡಿ. ಚಿಕ್ಕ ಫ್ಲ್ಯಾಟ್‌ನಲ್ಲಿ ಮಕ್ಕಳು ಹಾಲ್‌ನಲ್ಲೇ ಮಲಗುತ್ತಾರೆ, ಅಲ್ಲಿ ಬೇಡವೇ ಬೇಡ. ನಿಮ್ಮ ಫೋನೂ ಅದರ ಪಕ್ಕದಲ್ಲೇ ಇರಲಿ.