ಗ್ರಿಪ್ಪರ್ ಕಪ್ ಹಿಸುಕುತ್ತಿದೆಯಾ? ಮೊದಲು ನಿಮ್ಮ ಬೆರಳನ್ನೇ ಗಮನಿಸಿ

ಬಿಗಿ ಮಾಡಿದರೆ ಪೇಪರ್ ಕಪ್ ಅಪ್ಪಚ್ಚಿ, ಸಡಿಲ ಮಾಡಿದರೆ ನೀರು ತುಂಬಿದ ಕಪ್ ಜಾರಿ ಬೀಳುತ್ತದೆ, ರೋಬೋ ತೋಳಿನ ತುದಿಯಲ್ಲಿ ವಸ್ತು ಹಿಡಿಯುವ ಗ್ರಿಪ್ಪರನ್ನು ಎಷ್ಟು ಬಿಗಿಗೆ ಸೆಟ್ ಮಾಡಲಿ ಅಂತ ಕೇಳಿದ್ದೀರಿ. ನಾನೂ ಆ 'ಎಷ್ಟು' ಹುಡುಕುತ್ತಾ ಹದಿನೈದು ದಿನ ಕಳೆದೆ. ಅಂಥ ಒಂದೇ ಅಂಕಿ ಇಲ್ಲ.

ನಮ್ಮ ಬೆರಳೂ ಒಂದೇ ಅಂಕಿ ಇಟ್ಟುಕೊಂಡಿಲ್ಲ. 1984ರಲ್ಲಿ ಸ್ವೀಡನ್ನಿನ ಸಂಶೋಧಕರಾದ ಯೊಹಾನ್ಸನ್ ಮತ್ತು ವೆಸ್ಟ್‌ಲಿಂಗ್ ಇದನ್ನು ಅಳೆದು ತೋರಿಸಿದರು. ವಸ್ತುವನ್ನು ಎತ್ತುವಾಗ ಮೇಲಕ್ಕೆಳೆಯುವ ಬಲ ಏರಿದಂತೆ ಹಿಡಿತವೂ ಜೊತೆಜೊತೆಗೇ ಏರುತ್ತದೆ. ರೇಷ್ಮೆಯಂಥ ನುಣುಪಿಗೆ ಬಿಗಿ ಜಾಸ್ತಿ, ಸ್ಯಾಂಡ್ ಪೇಪರಿನಂಥ ಒರಟಿಗೆ ಕಡಿಮೆ. ಜಾರದಿರಲು ಬೇಕಾದ್ದಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು. ಎಲ್ಲೋ ಒಂಚೂರು ಜಾರಿದರೆ ಸುಮಾರು 70–80 ಮಿಲಿಸೆಕೆಂಡಿನಲ್ಲಿ ಬಿಗಿ ಏರಿರುತ್ತದೆ. ನಾವು ಯೋಚಿಸುವಷ್ಟು ಹೊತ್ತೂ ಇಲ್ಲ. ಬೆರಳಿಗೆ ಮರಗಟ್ಟುವ ಔಷಧ ಕೊಟ್ಟಾಗ ಈ ಹೊಂದಾಣಿಕೆ ಕೆಟ್ಟಿತು.

ನಿಮ್ಮ ಸರ್ವೋ, ಅಂದರೆ ಹೇಳಿದ ಕೋನಕ್ಕೆ ತಿರುಗಿ ಗ್ರಿಪ್ಪರನ್ನು ಮುಚ್ಚುವ ಮೋಟರ್, ಸದ್ಯಕ್ಕೆ ಆ ಮರಗಟ್ಟಿದ ಬೆರಳು. ಅದಕ್ಕೆ ಕೋನ ಗೊತ್ತು, ಒತ್ತಡ ಗೊತ್ತಿಲ್ಲ. ಹಾಗಾಗಿ ಗ್ರಿಪ್ಪರಿನ ಬೆರಳ ತುದಿಗೊಂದು ಒತ್ತಡದ ಸೆನ್ಸರ್ ಹಾಕಿ, ಅದರ ಮೇಲೆ ತೆಳು ರಬ್ಬರ್ ಅಂಟಿಸಿ. ರಬ್ಬರಿನಿಂದಲೇ ಅರ್ಧ ತಲೆನೋವು ಹೋಗುತ್ತದೆ. ಲೆಕ್ಕ ನೋಡಿ: 200 ಗ್ರಾಂ ಕಪ್ ಅಂದರೆ ಸುಮಾರು 2 ನ್ಯೂಟನ್ ಭಾರ. ಎರಡು ಬೆರಳು, ಘರ್ಷಣೆ ಗುಣಾಂಕ (ಮೇಲ್ಮೈ ಎಷ್ಟು ಜಾರದೆ ಹಿಡಿಯುತ್ತದೆ ಅನ್ನುವ ಅಂಕಿ) 0.5 ಇದ್ದರೆ ಒಂದೊಂದು ಬೆರಳೂ 2 ನ್ಯೂಟನ್ ಒತ್ತಿದರೆ ಸಾಕು. ಗುಣಾಂಕ 0.25ಕ್ಕೆ ಇಳಿದರೆ 4 ಬೇಕು. ಅದರ ಮೇಲೆ ಕಾಲು ಭಾಗ ಸೇರಿಸಿ ನಿಲ್ಲಿಸಿ.

ಇದು ನಿಂತಿರುವ ಕಪ್ಪಿನ ಲೆಕ್ಕ. ತೋಳು ಸಟ್ಟನೆ ಮೇಲೆದ್ದರೆ ಭಾರವೂ ಜಾಸ್ತಿಯಾಗುತ್ತದೆ. ಕೈಯನ್ನು ಬೀಸುವಾಗ ಮನುಷ್ಯರ ಹಿಡಿತ ಕಾಯದೆ ಜೊತೆಗೇ ಬಿಗಿಯಾಗುತ್ತದೆ. ನೀವೂ ಕೋಡಿನಲ್ಲಿ ತೋಳಿನ ಆದೇಶ ಮತ್ತು ಹಿಡಿತದ ಆದೇಶ ಒಟ್ಟಿಗೇ ಹೋಗುವಂತೆ ಬರೆಯಿರಿ. ಸೆನ್ಸರ್ ಹೇಳಲಿ ಅಂತ ಕೂತರೆ ಕಪ್ ನೆಲದ ಮೇಲಿರುತ್ತದೆ.

ಇನ್ನು ನೆನಪು. ಖಾಲಿ ಕ್ಯಾನನ್ನು ತುಂಬಿದೆ ಅಂದುಕೊಂಡು ಎತ್ತಿದರೆ ಕೈ ಸರ್ರನೆ ಮೇಲೆ ಹೋಗುತ್ತದೆ, ಅಲ್ವಾ? ಬೆರಳು ಹಿಂದಿನ ಅನುಭವದಿಂದಲೇ ಅಂದಾಜು ಮಾಡಿಕೊಂಡು ಹೊರಟಿರುತ್ತದೆ. ನೀವೂ ಕೊನೆಯ ಸಲ ಕೆಲಸ ಮಾಡಿದ ಒತ್ತಡವನ್ನು ಉಳಿಸಿಟ್ಟು, ಮುಂದಿನ ಸಲ ಅಲ್ಲಿಂದಲೇ ಶುರು ಮಾಡಿ.

ಜಾರುವುದನ್ನು ಹಿಡಿಯಲು ನಾನು ರಬ್ಬರಿನ ಹಿಂದೆ ಪೀಜೋ ಡಿಸ್ಕ್ (ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಬಿಲ್ಲೆ) ಅಂಟಿಸಿದೆ. ಜಾರುವ ಕಂಪನ ಸಿಗುತ್ತದೆ, ಆದರೆ ಮೋಟರಿನ ಸದ್ದೂ ಸಿಗುತ್ತದೆ. ಮೊದಲ ದಿನ ಗ್ರಿಪ್ಪರ್ ತನ್ನ ಸದ್ದಿಗೆ ತಾನೇ ಹೆದರಿ ಕಪ್ ಹಿಸುಕಿತು! ಮೋಟರ್ ತಿರುಗುವಾಗ ಆ ಸಿಗ್ನಲನ್ನು ಕೋಡಿನಲ್ಲಿ ಬಿಟ್ಟುಬಿಡಿ. ಪರೀಕ್ಷೆಗೆ ನೀರಿನ ಬದಲು ಅಕ್ಕಿ ಹಾಕಿ, ಚೆಲ್ಲಿದರೂ ಸರ್ಕ್ಯೂಟ್ ಬೋರ್ಡ್ ಒದ್ದೆಯಾಗುವುದಿಲ್ಲ.