ನೀರಿಗೆ ಹಾಕುವ ಮೊದಲು ತೂತು ಎಣಿಸಿ

ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿ, ರಾಣೆಬೆನ್ನೂರು: ಪತ್ರ ಬರೆಯುವವರ ಊರು ಬೇರೆ ಬೇರೆ, ತಪ್ಪು ಮಾತ್ರ ಒಂದೇ. ಹಳೆ ಕಸೂತಿ ಸೀರೆಯನ್ನು ಮೊದಲು ತೊಳೆಯುತ್ತಾರೆ, ಆಮೇಲೆ ಕೇಳುತ್ತಾರೆ. ಈ ಸಲ ಒಬ್ಬರು ತೊಳೆಯುವ ಮೊದಲೇ ಕೇಳಿದ್ದಾರೆ. ಹೆಚ್ಚಿನ ಜಾಗ ಅವರಿಗೇ.

ಮುತ್ತಜ್ಜಿಯ ಕಪ್ಪು ಚಂದ್ರಕಾಳಿ ಇಳಕಲ್ ಸೀರೆ. ಕೆಂಪು ರೇಷ್ಮೆ ಸೆರಗಿನ ಗೋಪುರದ ಕಸೂತಿ ಅಲ್ಲಲ್ಲಿ ಉದುರಿದೆ, ಮಡಿಕೆಯ ಗುಂಟ ಗೇಣುದ್ದ ಸೀಳಿದೆ. ಫ್ಯೂಸಿಂಗ್ (ಇಸ್ತ್ರಿ ಮಾಡಿ ಅಂಟಿಸುವ ಆಸರೆ ಬಟ್ಟೆ) ಹಚ್ಚಿ ಕೊಡುತ್ತೇನೆ ಅಂತಾರೆ ದರ್ಜಿ. ಹಚ್ಚಿಸಲೇ? (ಧಾರವಾಡ)

ಬೇಡ. ಫ್ಯೂಸಿಂಗ್‌ನ ಅಂಟು ಇಸ್ತ್ರಿಯ ಬಿಸಿಗೆ ಕರಗಿ ರೇಷ್ಮೆಯ ಎಳೆಯೊಳಗೆ ಇಳಿಯುತ್ತದೆ. ವರ್ಷಗಳು ಕಳೆದಂತೆ ಹಳದಿಯಾಗಿ ಬಿರುಸಾಗುತ್ತದೆ, ಅಂಟಿನ ಅಂಚಿಗೇ ಹೊಸ ಸೀಳು ಬೀಳುತ್ತದೆ. ತೆಗೆಯಹೋದರೆ ಸೆರಗೇ ಕಿತ್ತು ಬರುತ್ತದೆ.

ಕಸೂತಿಗೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ಎಳೆ ಎಣಿಸಿಯೇ ಹಾಕುವುದು. ಹಾಗಾಗಿ ದಾರ ಉದುರಿದ ಮೇಲೂ ಸೂಜಿಯ ತೂತುಗಳು ಉಳಿದಿರುತ್ತವೆ. ಕಳೆದುಹೋದ ಗೋಪುರದ ನಕ್ಷೆ ಅದೊಂದೇ. ನೀರು ತಾಗಿದರೆ ಎಳೆಗಳು ಉಬ್ಬಿ, ಸರಿದು, ತೂತು ಮುಚ್ಚುತ್ತವೆ. ಸೆರಗಿನ ಕೆಳಗೆ ಬಿಳಿ ಹಾಳೆ ಇಟ್ಟು, ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ಒಂದು ಹೊಲಿಗೆಗೆ ಒಂದು ಚೌಕದ ಲೆಕ್ಕದಲ್ಲಿ ಗ್ರಾಫ್ ಹಾಳೆಗೆ ಇಳಿಸಿ. ಅದೇ ಸೆರಗಿನಲ್ಲಿ ಪೂರ್ತಿ ಉಳಿದ ಗೋಪುರ ಇದ್ದರೆ ಅದರ ಜೊತೆ ತಾಳೆ ನೋಡಿ. ಇದು ಮುಗಿಯುವವರೆಗೆ ಒದ್ದೆ ಬಟ್ಟೆಯಿಂದಲೂ ಒರೆಸಬೇಡಿ.

ಧೂಳು ತೆಗೆಯಲು ಸೆರಗಿನ ಮೇಲೆ ನೈಲಾನ್ ಜಾಳಿಗೆ ಹಾಸಿ, ವ್ಯಾಕ್ಯೂಮ್ ಅನ್ನು ತೀರ ಕಡಿಮೆ ಸೆಳೆತಕ್ಕಿಟ್ಟು ಮೇಲಿಂದ ಹಾಯಿಸಿ. ಇಷ್ಟು ಸೀಳಿದ ಸೀರೆಯನ್ನು ತೊಳೆಯಲೇಬೇಡಿ.

ಆಸರೆಗೆ ತೆಳು ಹತ್ತಿಯ ಮಲ್ ಬಟ್ಟೆ ಸಾಕು. ಗಂಜಿ ಹೋಗುವಂತೆ, ಕುಗ್ಗುವುದೆಲ್ಲ ಮೊದಲೇ ಕುಗ್ಗುವಂತೆ ಎರಡು ಸಲ ಬಿಸಿನೀರಲ್ಲಿ ತೊಳೆದು, ಸೆರಗಿನ ಬಣ್ಣಕ್ಕೆ ಹೊಂದುವ, ಬಣ್ಣ ಬಿಡದ ತುಂಡನ್ನೇ ಆರಿಸಿ. ಸೀಳಿನ ಸುತ್ತ 3-4 ಸೆಂ.ಮೀ. ಗಟ್ಟಿ ಬಟ್ಟೆಯ ಕೆಳಗೂ ಚಾಚಿರಲಿ, ಎರಡೂ ಬಟ್ಟೆಗಳ ಹಾಸು (ಉದ್ದದ ಎಳೆ) ಹಾಸಿಗೆ, ಹೊಕ್ಕು (ಅಡ್ಡ ಎಳೆ) ಹೊಕ್ಕಿಗೆ ಕೂಡಲಿ. ಕೆಲಸ ಮೇಜಿನ ಮೇಲೆ ಹರವಿಕೊಂಡೇ ಆಗಬೇಕು. ಕಸೂತಿಯ ರಿಂಗ್ ಹಾಕಿ ಬಿಗಿದರೆ ಹಳೆ ರೇಷ್ಮೆ ಅಲ್ಲೇ ಹರಿಯುತ್ತದೆ.

ದಾರ ತೆಳು ರೇಷ್ಮೆಯದೇ ಇರಲಿ, ಪಾಲಿಸ್ಟರ್ ದಾರ ಹಳೆ ಎಳೆಯನ್ನು ಕೊಯ್ಯುತ್ತದೆ. ಸೀಳಿಗೆ ಅಡ್ಡವಾಗಿ ಸುಮಾರು 2 ಸೆಂ.ಮೀ. ಉದ್ದದ ದಾರ ಮಲಗಿಸಿ, ಪ್ರತಿ 4-5 ಮಿ.ಮೀ.ಗೆ ಒಂದು ಚಿಕ್ಕ ಹೊಲಿಗೆಯಿಂದ ಹಿಡಿದುಕೊಳ್ಳಿ. ಸೂಜಿ ಎಳೆಗಳ ನಡುವಿನ ಸಂದಿಯಲ್ಲಿ ಇಳಿಯಬೇಕು, ಎಳೆಯನ್ನು ಚುಚ್ಚಬಾರದು. ಮಲಗಿಸಿದ ದಾರಗಳ ತುದಿ ಒಂದೇ ಸಾಲಿಗೆ ನಿಲ್ಲದಂತೆ ಒಂದು ಉದ್ದ, ಒಂದು ಗಿಡ್ಡ ಮಾಡಿ. ಸಾಲಾಗಿ ನಿಂತರೆ ಭಾರವೆಲ್ಲ ಆ ಗೆರೆಗೆ ಬಿದ್ದು ಮುಂದಿನ ಸೀಳು ಅಲ್ಲೇ.

ಕಸೂತಿ ತುಂಬುವುದು ಇದಾದ ಮೇಲೆ. ಮೊಂಡು ಮೊನೆಯ 26ನೇ ನಂಬರ್ ಸೂಜಿ, 40 ಸೆಂ.ಮೀ.ಗಿಂತ ಉದ್ದವಲ್ಲದ ದಾರ. ಗಂಟು ಹಾಕಬೇಡಿ, ಗವಂತಿ ಹೊಲಿಗೆಗೆ ಹಿಂದು ಮುಂದು ಎರಡೂ ಒಂದೇ. ತುದಿಯನ್ನು ಹೊಲಿಗೆಯೊಳಗೇ ನುಸುಳಿಸಿ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಅದೇ ತೂತುಗಳಲ್ಲಿ ಇಳಿದು ನಡುವಿನ ಜಾಗ ತುಂಬಬೇಕು. ಮುರ್ಗಿ ಹೊಲಿಗೆಯೂ ಹೀಗೆಯೇ, ಮೆಟ್ಟಿಲು ಮೆಟ್ಟಿಲಾಗಿ. ಸೆರಗಿನ ಬಟ್ಟೆಯೇ ಹೋಗಿರುವಲ್ಲಿ ಎಣಿಕೆ ನಂಬಬೇಡಿ. ಮಲ್‌ನ ಎಳೆಯ ಲೆಕ್ಕ ಬೇರೆ, ಅಲ್ಲಿ ಹಳೆ ಹೊಲಿಗೆಯ ಉದ್ದವನ್ನೇ ಅಳತೆಗೆ ಹಿಡಿಯಿರಿ. ಬಣ್ಣವನ್ನು ಮುಂಭಾಗದ ಮಾಸಿದ ದಾರಕ್ಕೆ ಹೊಂದಿಸಿ. ಬೆಳಕು ಕಾಣದ ಹಿಂಭಾಗಕ್ಕೆ ಹೊಂದಿಸಿದವರ ತೇಪೆ ಬೀದಿಯಿಂದಲೇ ಕಾಣುತ್ತದೆ. ಉಳಿದ ಹಳೆ ಹೊಲಿಗೆ ಸಡಿಲವಿದ್ದರೂ ಕೀಳಬೇಡಿ, ಅದು ಮುತ್ತಜ್ಜಿಯ ಕೈ.

ಸೆರಗಿನ ರೇಷ್ಮೆ ಮುಟ್ಟಿದರೆ ಪುಡಿಯಾಗಿ ಉದುರುತ್ತಿದ್ದರೆ ಮಾತ್ರ ಸೂಜಿಯನ್ನೇ ಹಿಡಿಯಬೇಡಿ. ಜವಳಿ ಸಂರಕ್ಷಣೆ ಕಲಿತವರಿಗೆ ತೋರಿಸಿ.

ಉಪ್ಪು, ವಿನೆಗರ್ ಹಾಕಿದರೆ ಕೆಂಪು ಬಿಡುವುದಿಲ್ಲವಂತೆ? (ಗದಗ)

ಸುಳ್ಳು. ಬಣ್ಣ ಹಾಕುವ ಹಂಡೆಯಲ್ಲಿ ಅವಕ್ಕೆ ಕೆಲಸವಿದೆ, ಬಿಡುವ ಬಣ್ಣಕ್ಕೆ ಅವು ಬೀಗ ಹಾಕವು. ಬಿಳಿ ಹತ್ತಿಬಟ್ಟೆಯನ್ನು ಡಿಸ್ಟಿಲ್ಡ್ ನೀರಲ್ಲಿ ಅದ್ದಿ ಪ್ರತಿಯೊಂದು ಬಣ್ಣದ ಮೇಲೂ 5 ನಿಮಿಷ ಒತ್ತಿಡಿ. ಒಂದು ಬಣ್ಣ ಹತ್ತಿದರೂ ನೀರು ಬೇಡ.

ಸೋಡಾ ಹಾಕಿ ಸೀರೆಯನ್ನು ಹೊಸದರಂತೆ ಮಾಡಿಕೊಡುತ್ತೇವೆ ಅಂತಾರೆ ತೊಳೆದುಕೊಡುವವರು. (ಹುಬ್ಬಳ್ಳಿ)

ಕೊಡಬೇಡಿ. ಕ್ಷಾರ ರೇಷ್ಮೆಯನ್ನು ತಿನ್ನುತ್ತದೆ, ಕ್ಲೋರಿನ್ ಬ್ಲೀಚ್ ಕರಗಿಸಿಯೇ ಬಿಡುತ್ತದೆ. ಇದನ್ನು ದುಡ್ಡು ತಗೊಂಡು ಮಾಡುವವರ ಮೇಲೆ ನನಗೆ ಸಿಟ್ಟಿದೆ.

ಕಸೂತಿ ಕತ್ತರಿಸಿ ಹೊಸ ಸೀರೆಗೆ ಹಚ್ಚಬಹುದೇ? (ಹಾವೇರಿ)

ಇಲ್ಲ. ಎಣಿಸಿ ಹಾಕಿದ ಹೊಲಿಗೆ ನಿಂತಿರುವುದೇ ಆ ಬಟ್ಟೆಯ ಎಳೆಗಳ ಮೇಲೆ, ಕತ್ತರಿಸಿದ ಅಂಚಿನಿಂದಲೇ ಬಿಚ್ಚಿಕೊಳ್ಳುತ್ತದೆ.

ಕುಂಚಿಗೆಯ (ಮಗುವಿನ ತಲೆ, ಬೆನ್ನು ಮುಚ್ಚುವ ಟೋಪಿ) ಒಳಗೆ ನುಸಿಗುಳಿಗೆ, ಮೇಲೆ ಪ್ಲಾಸ್ಟಿಕ್ ಚೀಲ ಸರಿಯೇ? (ಶಿಗ್ಗಾವಿ)

ಎರಡೂ ಬೇಡ. ಪ್ಲಾಸ್ಟಿಕ್ ಒಳಗೆ ಮಳೆಗಾಲದ ತೇವ ಸಿಕ್ಕಿಬಿದ್ದು ಬೂಸು ಹಿಡಿಯುತ್ತದೆ. ಗಂಜಿ ಇಲ್ಲದ ಹಳೆ ಮಲ್ ಬಟ್ಟೆ ಸುತ್ತಿ, ಒಳಗೂ ಅದನ್ನೇ ಉಂಡೆ ಮಾಡಿ ತುಂಬಿ ಕುಂಚಿಗೆಯ ಆಕಾರ ನಿಲ್ಲಿಸಿ. ಮೂರು ತಿಂಗಳಿಗೊಮ್ಮೆ ತೆರೆದು, ನೆರಳಲ್ಲಿ ಗಾಳಿಗಿಟ್ಟು, ಹುಳ ಬಿದ್ದಿದೆಯೇ ನೋಡಿ.